ಹ್ಯಾನ್ಸೆನ್, ನೈಸರ್ ಮತ್ತು ಒಂದು ಕೀರ್ತಿಯ ವ್ಯಾಜ್ಯ

ಮೈಯೊಳಗಿನ ರೋಗವನ್ನು ವೈದ್ಯನು ನಾಡಿ ಹಿಡಿದು, ಎದೆಗೆ ಕಿವಿಗೊಟ್ಟು, ನಾಲಗೆ ನೋಡಿ ಊಹಿಸಬೇಕು. ಚರ್ಮದ ರೋಗ ಹಾಗಲ್ಲ. ಅದನ್ನು ಕಾಣುವುದಕ್ಕೆ ವೈದ್ಯನೇ ಆಗಬೇಕಾಗಿಲ್ಲ. ಸಂತೆಗೆ ಹೋಗುವವನ ಕಣ್ಣಿಗೂ ಅದು ಬೀಳುತ್ತದೆ. ಹಾಗೆ ಕಣ್ಣಿಗೆ ಬೀಳುವುದೇ ಆ ರೋಗಿಯ ದೌರ್ಭಾಗ್ಯ. ಎದೆನೋವಿನವನ ಬಳಿ ನೆಂಟರಿಷ್ಟರು ಬಂದು ಕುಳಿತು ಕ್ಷೇಮಸಮಾಚಾರ ಕೇಳುತ್ತಾರೆ; ಮುಖದ ಮೇಲೆ ಗಂಟೆದ್ದವನನ್ನು ಕಂಡರೆ ಎರಡು ಮಾರು ಸರಿದು ನಿಲ್ಲುತ್ತಾರೆ.

ಅಂಥ ಒಂದು ರೋಗದ, ಅದರ ಕಾರಣವನ್ನು ಕಂಡುಹಿಡಿದ ಕೀರ್ತಿಗಾಗಿ ಸೆಣಸಿದ ಇಬ್ಬರು ವೈದ್ಯರ, ಮತ್ತು ಆ ಇಬ್ಬರ ಕೈಯಡಿಯಲ್ಲಿ ಮಲಗಿದ್ದ ರೋಗಿಗಳ ಕಥೆಯನ್ನು ಇಲ್ಲಿ ನಿಮಗೆ ಹೇಳಬೇಕೆಂದಿದ್ದೇನೆ. ಚರ್ಮವೈದ್ಯದಲ್ಲಿ ಹೆಸರು ಗಳಿಸಿದವರು ಹಲವರುಂಟು. ವಿಯೆನ್ನಾ ನಗರದ ಹೆಬ್ರಾ ಪಂಡಿತನು ಚರ್ಮರೋಗಗಳನ್ನು ಬಗೆಬಗೆಯಾಗಿ ವಿಂಗಡಿಸಿ ಆ ಶಾಸ್ತ್ರಕ್ಕೊಂದು ವ್ಯಾಕರಣವನ್ನೇ ಕೊಟ್ಟನು. ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ನನು ಚರ್ಮದ ಕ್ಷಯಕ್ಕೆ ಬೆಳಕಿನ ಕಿರಣಗಳಿಂದ ಚಿಕಿತ್ಸೆ ಮಾಡಿ ೧೯೦೩ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಇಂಥವರ ಹೆಸರುಗಳನ್ನು ವೈದ್ಯವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ನಾವು ಅವರನ್ನು ಅಲ್ಲಿಯೇ ಬಿಡೋಣ. ನನ್ನ ಮನಸ್ಸು ನಿಂತಿರುವುದು ನಾರ್ವೆ ದೇಶದ ಆರ್ಮೌಯರ್ ಹ್ಯಾನ್ಸೆನ್ ಮತ್ತು ಜರ್ಮನಿಯ ಆಲ್ಬರ್ಟ್ ನೈಸರ್ ಇವರಿಬ್ಬರ ಬಳಿ. ಅವರನ್ನು ಎದುರುಬದುರಾಗಿ ನಿಲ್ಲಿಸಿದ ರೋಗ, ನಾವು ಕುಷ್ಠವೆಂದು ಕರೆಯುವ ರೋಗ.

ಮುಂದುವರಿಯುವ ಮೊದಲು ಈ ಕುಷ್ಠ ಎಂಬ ಮಾತಿನ ಬಳಿ ಗಳಿಗೆಹೊತ್ತು ನಿಲ್ಲಬೇಕು. ಕನ್ನಡ ಪಂಡಿತನ ಚಪಲವೆಂದು ಕ್ಷಮಿಸಿರಿ. ನಮ್ಮ ಹಳೆಯ ವೈದ್ಯಗ್ರಂಥಗಳಲ್ಲಿ ಕುಷ್ಠವೆಂಬುದು ಒಂದು ರೋಗದ ಹೆಸರಲ್ಲ, ಒಂದು ದೊಡ್ಡ ಸಂಸಾರದ ಹೆಸರು. ಚರಕ, ಸುಶ್ರುತರಿಬ್ಬರೂ ಹದಿನೆಂಟು ಬಗೆಯ ಕುಷ್ಠಗಳನ್ನು ಎಣಿಸುತ್ತಾರೆ: ಮಹಾಕುಷ್ಠಗಳು ಏಳು, ಕ್ಷುದ್ರಕುಷ್ಠಗಳು ಹನ್ನೊಂದು. ಇಂದು ನಾವು ಹುಳುಕಡ್ಡಿ, ಕಜ್ಜಿ ಎಂದು ಮುಲಾಮು ಹಚ್ಚಿ ಮರೆತುಬಿಡುವ ಕಾಯಿಲೆಗಳೂ ಆ ಹದಿನೆಂಟರೊಳಗೇ ಬರುತ್ತವೆ. ಕಾಲಕ್ರಮದಲ್ಲಿ ಆ ಹೆಸರಿನ ಭಾರವೆಲ್ಲ ಒಂದೇ ರೋಗದ ಮೇಲೆ ಬಿತ್ತು. ತೊನ್ನಿಗೂ ಈ ರೋಗಕ್ಕೂ ಏನೇನೂ ಸಂಬಂಧವಿಲ್ಲ. ತೊನ್ನು ಅಂಟುವುದೂ ಇಲ್ಲ. ಆದರೂ ಜನರು ಅದನ್ನು ‘ಬಿಳಿಕುಷ್ಠ’ವೆಂದು ಕರೆದು ಎಷ್ಟೋ ಹೆಣ್ಣುಮಕ್ಕಳ ಮದುವೆಯನ್ನು ತಪ್ಪಿಸಿದ್ದಾರೆ. ಹೆಸರೊಂದು ತಪ್ಪಿದರೆ ಬಾಳೊಂದು ಕೆಟ್ಟೀತು. ನನ್ನ ಅಜ್ಜಿ ಈ ರೋಗದ ಹೆಸರನ್ನೇ ಎತ್ತುತ್ತಿರಲಿಲ್ಲ. ದನಿ ತಗ್ಗಿಸಿ ‘ದೊಡ್ಡ ರೋಗ’ ಎನ್ನುತ್ತಿದ್ದಳು. ಹಾಗೆ ಅನ್ನುವಾಗ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದಳು, ರೋಗವೆಲ್ಲೋ ಕೇಳಿಸಿಕೊಂಡು ಒಳಗೆ ಬಂದೀತೆಂಬಂತೆ.

ನಮ್ಮವರು ಹೆದರಿದ್ದೇನೋ ನಿಜ. ಕೈಕಟ್ಟಿ ಕುಳಿತಿರಲಿಲ್ಲವೆಂಬುದೂ ನಿಜ. ಪಶ್ಚಿಮ ಸಮುದ್ರದ ತೀರದಲ್ಲಿ ಬೆಳೆಯುವ ತುವರಕವೆಂಬ ಮರದ ಎಣ್ಣೆಯನ್ನು ಸುಶ್ರುತನು ಈ ರೋಗಗಳಿಗೆ ಹೇಳುತ್ತಾನೆ. ಅದು ನಮ್ಮ ಘಟ್ಟದ ಕಾಡುಗಳಲ್ಲಿ ಗರುಡಫಲವೆನಿಸಿಕೊಂಡಿರುವ ಮರವೇ ಎಂದು ತಿಳಿದವರು ಗುರುತಿಸಿದ್ದಾರೆ. ಅದೇ ಕುಲದ ಮರಗಳ ಎಣ್ಣೆ, ಚಾಲ್‌ಮೂಗ್ರ ಎಂಬ ಹೆಸರಿನಿಂದ, ೧೯೪೦ರ ದಶಕದವರೆಗೂ ದೇಶದೇಶಗಳ ಆಸ್ಪತ್ರೆಗಳಲ್ಲಿ ಈ ರೋಗಕ್ಕಿದ್ದ ಮುಖ್ಯ ಔಷಧವಾಗಿತ್ತು. ಔಷಧವನ್ನು ಹುಡುಕಿದವರುಂಟು, ರೋಗ ಬರುವುದು ಏತರಿಂದ ಎಂಬುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಪೂರ್ವಜನ್ಮದ ಪಾಪವೆಂದರು ಕೆಲವರು, ದೇವರ ಮುನಿಸೆಂದರು ಕೆಲವರು, ಕೆಟ್ಟ ಮೀನು ತಿಂದದ್ದರ ಫಲವೆಂದರು ಇನ್ನು ಕೆಲವರು.

ಈಗ ನಾರ್ವೆಗೆ ಹೋಗೋಣ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಯೂರೋಪಿನ ಹೆಚ್ಚಿನ ಭಾಗಗಳಲ್ಲಿ ಈ ರೋಗ ಅಳಿದುಹೋಗಿತ್ತು. ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ, ಬಡ ರೈತರ ಮತ್ತು ಬೆಸ್ತರ ಗುಡಿಸಲುಗಳಲ್ಲಿ, ಅದು ಬೇರುಬಿಟ್ಟು ಕುಳಿತಿತ್ತು. ಆ ತೀರದ ಪಟ್ಟಣವಾದ ಬರ್ಗೆನ್ನಿನಲ್ಲಿ ಕುಷ್ಠರೋಗಿಗಳಿಗೆಂದೇ ಮೂರು ಆಸ್ಪತ್ರೆಗಳಿದ್ದುವು. ಇವುಗಳಲ್ಲಿ ಒಂದು ಹದಿನೈದನೆಯ ಶತಮಾನದ ಸೇಂಟ್ ಯೋರ್ಗೆನ್ ಆಸ್ಪತ್ರೆ. ೧೮೫೬ರಲ್ಲಿ ಸರ್ಕಾರವು ದೇಶದಲ್ಲಿರುವ ಈ ರೋಗಿಗಳನ್ನೆಲ್ಲ ಹೆಸರುಹೆಸರಾಗಿ ಬರೆದಿಡುವ ನೋಂದಣಿ ಪುಸ್ತಕವನ್ನು ಆರಂಭಿಸಿತು. ಒಂದು ರೋಗಕ್ಕಾಗಿ ಇಡೀ ರಾಷ್ಟ್ರದ ಲೆಕ್ಕವನ್ನು ಹೀಗೆ ಇಟ್ಟದ್ದು ಪ್ರಪಂಚದಲ್ಲೇ ಮೊದಲು. ಆಗ ಪಟ್ಟಿಗೆ ಬಂದವರು ಸುಮಾರು ೨,೮೦೦ ಮಂದಿ. ಸಣ್ಣ ಜನಸಂಖ್ಯೆಯ ದೇಶಕ್ಕೆ ಅದು ಸಣ್ಣ ಸಂಖ್ಯೆಯಲ್ಲ.

ಬರ್ಗೆನ್ನಿನ ಆಸ್ಪತ್ರೆಯಲ್ಲಿ ಹಿರಿಯನಾಗಿದ್ದವನು ಡಾನಿಯೆಲ್ಸೆನ್. ಆತನೂ ರಾಜಧಾನಿಯ ಚರ್ಮರೋಗ ಪ್ರಾಧ್ಯಾಪಕನಾದ ಬೆಕ್ ಎಂಬವನೂ ಕೂಡಿ ೧೮೪೭ರಲ್ಲಿ ಈ ರೋಗವನ್ನು ಕುರಿತು ಒಂದು ಮಹಾಗ್ರಂಥವನ್ನು ಚಿತ್ರಸಂಪುಟದೊಡನೆ ಹೊರತಂದರು. ಆವರೆಗೆ ಹತ್ತಾರು ರೋಗಗಳೊಡನೆ ಕಲಸಿಹೋಗಿದ್ದ ಕುಷ್ಠವನ್ನು ಹೆಕ್ಕಿ, ಬೇರೆಯಾಗಿ ನಿಲ್ಲಿಸಿ ತೋರಿಸಿದ ಗ್ರಂಥವದು. ಅದಕ್ಕೆ ಫ್ರಾನ್ಸಿನ ವಿದ್ವತ್ಪರಿಷತ್ತಿನ ಪಾರಿತೋಷಕವೂ ದೊರೆಯಿತು. ಆದರೆ ಕಾರಣದ ಮಾತು ಬಂದಾಗ ಡಾನಿಯೆಲ್ಸೆನ್ನನು ಇದು ವಂಶಪಾರಂಪರ್ಯವಾಗಿ ಬರುವ ರೋಗವೆಂದು ದೃಢವಾಗಿ ನಂಬಿದ್ದನು. ಅಂಟುವುದಿಲ್ಲವೆಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ರೋಗಿಯ ಗಂಟಿನ ರಸವನ್ನು ತನ್ನ ಮೈಗೇ ಚುಚ್ಚಿಕೊಂಡು ನೋಡಿದನು. ಏನೂ ಆಗಲಿಲ್ಲ. ಆಗದಿದ್ದುದರಿಂದ ಆತನ ತಪ್ಪು ನಂಬಿಕೆ ಇನ್ನಷ್ಟು ಬಲವಾಯಿತು. ವಿಜ್ಞಾನದಲ್ಲಿ ಧೈರ್ಯವೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ, ನೋಡಿ.

ಈ ಹಿರಿಯನ ಕೈಕೆಳಗೆ ೧೮೬೮ರಲ್ಲಿ ಸಹಾಯಕನಾಗಿ ಬಂದವನು ಗೆರ್ಹಾರ್ಡ್ ಹೆನ್ರಿಕ್ ಆರ್ಮೌಯರ್ ಹ್ಯಾನ್ಸೆನ್. ಬರ್ಗೆನ್ನಿನವನೇ, ೧೮೪೧ರಲ್ಲಿ ಹುಟ್ಟಿದವನು, ಹದಿನೈದು ಮಂದಿ ಮಕ್ಕಳ ಮನೆಯವನು. ವೈದ್ಯನಾದ ಹೊಸದರಲ್ಲಿ ಉತ್ತರದ ಲೊಫೋಟೆನ್ ದ್ವೀಪಗಳಲ್ಲಿ ಬೆಸ್ತರ ನಡುವೆ ಕೆಲಸ ಮಾಡಿ ಬಂದಿದ್ದನು. ರೋಗವು ಒಂದೊಂದು ಮನೆಯಲ್ಲಿ, ಒಂದೊಂದು ಹಳ್ಳಿಯಲ್ಲಿ ಹೇಗೆ ಹಬ್ಬಿದೆಯೆಂದು ಆತ ಊರೂರು ಸುತ್ತಿ ಲೆಕ್ಕ ಹಾಕಿದನು. ನೋಂದಣಿಯ ಪುಸ್ತಕಗಳನ್ನು ತಿರುವಿ ಹಾಕಿದನು. ವಂಶದ ಲೆಕ್ಕಕ್ಕೆ ಕೂಡದ ಸಂಗತಿಗಳು ಮತ್ತೆ ಮತ್ತೆ ಕಣ್ಣಿಗೆ ಬಿದ್ದುವು. ಇದು ಒಬ್ಬರಿಂದೊಬ್ಬರಿಗೆ ದಾಟುವ ರೋಗವೇ ಇರಬೇಕೆಂಬ ಸಂದೇಹ ಹುಟ್ಟಿದ್ದು ಹೀಗೆ. ಗುರುವಿನ ಮಾತಿಗೆ ಇದು ನೇರ ವಿರೋಧ. ಆದರೂ ಗುರುವು ಶಿಷ್ಯನನ್ನು ತಡೆಯಲಿಲ್ಲ. ಈ ದೊಡ್ಡತನವನ್ನು ನಾವು ನೆನೆಯಲೇಬೇಕು. ೧೮೭೩ರ ಜನವರಿಯಲ್ಲಿ ಡಾನಿಯೆಲ್ಸೆನ್ನನು ತನ್ನ ಮಗಳನ್ನೇ ಈ ಶಿಷ್ಯನಿಗೆ ಕೊಟ್ಟು ಮದುವೆ ಮಾಡಿದನು.

ಅದೇ ವರ್ಷದ ಫೆಬ್ರವರಿ ೨೮. ರೋಗಿಯೊಬ್ಬನ ಮುಖದ ಗಂಟಿನಿಂದ ತೆಗೆದ ರಸವನ್ನು ಹ್ಯಾನ್ಸೆನ್ನನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಡಿಯಲ್ಲಿ ಇಟ್ಟನು. ಜೀವಕೋಶಗಳ ನಡುವೆ ಸಣ್ಣ ಸಣ್ಣ ಕಡ್ಡಿಗಳಂಥ ಆಕಾರಗಳು ಕಂಡುವು. ಒಂದು ಗಂಟಿನಲ್ಲಿ ಕಂಡದ್ದು ಇನ್ನೊಂದರಲ್ಲೂ ಕಂಡಿತು. ಆಗ ಕ್ರಿಮಿಗಳಿಗೆ ಬಣ್ಣ ಕಟ್ಟುವ ವಿದ್ಯೆ ಇನ್ನೂ ಬೆಳೆದಿರಲಿಲ್ಲ. ಬಣ್ಣವಿಲ್ಲದ ಕಡ್ಡಿಯನ್ನು ಬಣ್ಣವಿಲ್ಲದ ರಸದಲ್ಲಿ ಹುಡುಕುವುದೆಂದರೆ ನೀರಿನಲ್ಲಿ ಗಾಜಿನ ಚೂರನ್ನು ಹುಡುಕಿದಂತೆ. ರಾಬರ್ಟ್ ಕಾಖ್ ಕ್ಷಯದ ಕ್ರಿಮಿಯನ್ನು ತೋರಿಸಿದ್ದು ೧೮೮೨ರಲ್ಲಿ, ಎಂದರೆ ಇದಾಗಿ ಒಂಬತ್ತು ವರ್ಷಗಳ ಮೇಲೆ. ವರ್ಷಾನುಗಟ್ಟಲೆ ಮನುಷ್ಯನನ್ನು ತಿನ್ನುವ ರೋಗವೊಂದಕ್ಕೆ ಕಣ್ಣಿಗೆ ಕಾಣದ ಕ್ರಿಮಿ ಕಾರಣವಾಗಿರಬಹುದೆಂದು ಹೇಳಿದವರಲ್ಲಿ ಹ್ಯಾನ್ಸೆನ್ ಮೊದಲಿಗರ ಸಾಲಿನವನು.

ಹೇಳಿದನು, ಆದರೆ ಹೇಗೆ ಹೇಳಿದನೆಂಬುದೇ ಮುಂದಿನ ವ್ಯಾಜ್ಯಕ್ಕೆ ಬೀಜವಾಯಿತು. ೧೮೭೪ರಲ್ಲಿ ನಾರ್ವೆಯ ವೈದ್ಯಪತ್ರಿಕೆಯಲ್ಲಿ ತನ್ನ ವರದಿಯನ್ನು ಅಚ್ಚುಹಾಕಿಸಿದನು. ಅದರಲ್ಲಿ ರೋಗ ಅಂಟುವುದೆಂಬುದಕ್ಕೆ ಪುಟಗಟ್ಟಲೆ ಆಧಾರಗಳಿವೆ. ಕಡ್ಡಿಗಳ ವಿಚಾರ ಬಂದಾಗ ಮಾತ್ರ ಬರಹಗಾರನ ಲೇಖನಿ ತಡವರಿಸುತ್ತದೆ. ಕಂಡದ್ದು ಹೌದು, ಅವೇ ರೋಗದ ಕಾರಣವೆಂದು ಎದೆತಟ್ಟಿ ಹೇಳಲಾರೆನೆಂಬ ಧಾಟಿ. ಮೇಲಾಗಿ, ನಾರ್ವೇಜಿಯನ್ ಭಾಷೆಯನ್ನು ಬಲ್ಲವರೆಷ್ಟು ಮಂದಿ? ಸಣ್ಣ ನುಡಿಯಲ್ಲಿ ಬರೆದ ದೊಡ್ಡ ಸಂಗತಿ ಊರ ಗಡಿ ದಾಟುವುದು ನಿಧಾನವೆಂದು ಕನ್ನಡದಲ್ಲಿ ಬರೆಯುವವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಆದುದನ್ನೂ ಇಲ್ಲಿ ಸೇರಿಸಬೇಕು. ಕ್ರಿಮಿಯನ್ನು ಕಂಡ ಆ ವರ್ಷವೇ, ಅಕ್ಟೋಬರಿನಲ್ಲಿ, ಮದುವೆಯಾಗಿ ಹತ್ತು ತಿಂಗಳೂ ತುಂಬದ ಹೆಂಡತಿ ಕ್ಷಯದಿಂದ ತೀರಿಕೊಂಡಳು.

ಹ್ಯಾನ್ಸೆನ್ನನು ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದ ಆ ೧೮೭೩ರಲ್ಲಿಯೇ ನಮ್ಮ ಮುಂಬಯಿ ಇಲಾಖೆಯ ವೈದ್ಯನೊಬ್ಬ ಬರ್ಗೆನ್ನಿಗೆ ಹೋಗಿದ್ದನು. ಅವನು ಹೆನ್ರಿ ವ್ಯಾನ್‌ಡೈಕ್ ಕಾರ್ಟರ್. ಹೆಸರು ಕೇಳಿದವರು ಕಡಮೆ. ಆದರೆ ಅಂಗರಚನಾಶಾಸ್ತ್ರದಲ್ಲಿ ಗ್ರೇ ಎಂಬವನ ಗ್ರಂಥವನ್ನು ಓದದ ವೈದ್ಯನುಂಟೆ? ೧೮೫೮ರ ಆ ಗ್ರಂಥದ ಚಿತ್ರಗಳನ್ನೆಲ್ಲ ಬರೆದವನು ಈ ಕಾರ್ಟರ್. ಗ್ರಂಥ ಲೋಕವಿಖ್ಯಾತವಾಯಿತು, ಗ್ರೇ ಎಂಬುದು ಮನೆಮಾತಾಯಿತು, ಚಿತ್ರಗಾರನ ಹೆಸರು ಮೂಲೆಗೆ ಸರಿಯಿತು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಕಾರ್ಟರನು ಇಂಡಿಯಾಕ್ಕೆ ಬಂದು, ಮುಂಬಯಿಯಲ್ಲೂ ಸಾತಾರದಲ್ಲೂ ಕೆಲಸ ಮಾಡಿ, ಕುಷ್ಠರೋಗದ ಅಧ್ಯಯನಕ್ಕೆ ವರ್ಷಗಳನ್ನು ತೆತ್ತನು. ನಾರ್ವೆಯ ಆಸ್ಪತ್ರೆಗಳನ್ನು ಕಣ್ಣಾರೆ ನೋಡಿ, ಅಲ್ಲಿಯ ಏರ್ಪಾಡುಗಳಿಂದ ಇಂಡಿಯಾ ಕಲಿಯಬೇಕಾದುದೇನೆಂದು ೧೮೭೪ರಲ್ಲಿ ವರದಿ ಬರೆದನು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಆಗ ಮುಂಬಯಿ ಇಲಾಖೆಗೇ ಸೇರಿದ್ದುವಾದ್ದರಿಂದ ಅದು ನಮ್ಮವರಿಗೂ ಸಂಬಂಧಿಸಿದ ವರದಿಯೇ.

ಇನ್ನು ಎರಡನೆಯ ವೈದ್ಯನು ರಂಗಕ್ಕೆ ಬರುತ್ತಾನೆ. ಆಲ್ಬರ್ಟ್ ನೈಸರ್ ಹುಟ್ಟಿದ್ದು ೧೮೫೫ರಲ್ಲಿ. ಹ್ಯಾನ್ಸೆನ್ನನಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಓದಿದ್ದು ಬ್ರೆಸ್ಲಾವ್ ನಗರದಲ್ಲಿ. ಆ ನಗರ ಈಗ ಪೋಲೆಂಡಿಗೆ ಸೇರಿದೆ. ಮುಂದೆ ಜಗತ್ಪ್ರಸಿದ್ಧನಾದ ಪಾಲ್ ಎರ್ಲಿಖ್ ಆತನ ಸಹಪಾಠಿ. ವೈದ್ಯಪದವಿ ಪಡೆದು ಚರ್ಮರೋಗಗಳ ಆಸ್ಪತ್ರೆಯಲ್ಲಿ ಸೇರಿಕೊಂಡ ನೈಸರನು ೧೮೭೯ರಲ್ಲಿ, ಇನ್ನೂ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಗೊನೋರಿಯಾ ಎಂಬ ಗುಹ್ಯರೋಗದ ಕ್ರಿಮಿಯನ್ನು ಕಂಡುಹಿಡಿದನು. ಹೊಸ ಬಣ್ಣಗಳನ್ನು, ಹೊಸ ಸೂಕ್ಷ್ಮದರ್ಶಕಗಳನ್ನು ಬಳಸುವುದರಲ್ಲಿ ಆತ ನಿಪುಣ. ಅದೇ ವರ್ಷದ ಬೇಸಗೆಯಲ್ಲಿ ನಾರ್ವೆಗೆ ಪ್ರಯಾಣಮಾಡಿ ನೂರಕ್ಕೂ ಹೆಚ್ಚು ಕುಷ್ಠರೋಗಿಗಳನ್ನು ಪರೀಕ್ಷಿಸಿದನು. ಬರ್ಗೆನ್ನಿನಲ್ಲಿ ಹ್ಯಾನ್ಸೆನ್ನನು ಅತಿಥಿಯನ್ನು ಆದರದಿಂದ ಕಂಡು, ತನ್ನಲ್ಲಿದ್ದುದನ್ನು ತೋರಿಸಿ, ಗಂಟುಗಳ ಮಾದರಿಗಳನ್ನು ಕಟ್ಟಿಕೊಟ್ಟು ಕಳುಹಿಸಿದನು.

ನೈಸರನು ಊರಿಗೆ ಹಿಂದಿರುಗಿ ಆ ಮಾದರಿಗಳಿಗೆ ಬಣ್ಣ ಕಟ್ಟಿದನು. ಹ್ಯಾನ್ಸೆನ್ನನಿಗೆ ಮಬ್ಬುಮಬ್ಬಾಗಿ ಕಂಡಿದ್ದ ಕಡ್ಡಿಗಳು ಕೆಂಪಾಗಿ, ನೇರಿಳೆಯಾಗಿ, ಕಟ್ಟುಕಟ್ಟಾಗಿ ಎದ್ದು ನಿಂತುವು. ಕೂಡಲೆ ಲೇಖನ ಬರೆದು, ಕುಷ್ಠದ ಕಾರಣವನ್ನು ತಾನು ಕಂಡುಹಿಡಿದಿರುವುದಾಗಿ ಸಾರಿದನು. ಮಾದರಿ ಕೊಟ್ಟ ಕೈಗೆ ಸಲ್ಲಬೇಕಾದ ಗೌರವ ಆ ಲೇಖನದಲ್ಲಿ ಸಲ್ಲಲಿಲ್ಲ.

ಇದು ಕಳ್ಳತನವೆ? ನಾನು ಹಾಗೆನ್ನಲಾರೆ. ಮಬ್ಬಿನಲ್ಲಿ ಕಂಡವನೊಬ್ಬ, ಬೆಳಕಿನಲ್ಲಿ ತೋರಿಸಿದವನೊಬ್ಬ. ಬಣ್ಣ ಕಟ್ಟುವುದೂ ಒಂದು ವಿದ್ಯೆಯೇ. ಅದಿಲ್ಲದೆ ಲೋಕ ನಂಬುತ್ತಿರಲಿಲ್ಲ. ಹ್ಯಾನ್ಸೆನ್ನನು ಆರು ವರ್ಷ ಕಾದದ್ದೂ ತಪ್ಪೇ. ಆದರೆ ಮನೆಗೆ ಬಂದು, ಉಂಡು, ಬುತ್ತಿ ಕಟ್ಟಿಸಿಕೊಂಡು ಹೋದವನು ಬುತ್ತಿ ಕಟ್ಟಿದವರ ಹೆಸರು ಹೇಳಬೇಕಾದುದು ಲೋಕಮರ್ಯಾದೆ. ಸುದ್ದಿ ತಿಳಿದ ಹ್ಯಾನ್ಸೆನ್ನನಿಗೆ ಆಗ ಎಚ್ಚರವಾಯಿತು. ೧೮೮೦ರಲ್ಲಿ ನಾರ್ವೇಜಿಯನ್ನಿನಲ್ಲಿ ಮಾತ್ರವಲ್ಲದೆ ಜರ್ಮನ್ ಮತ್ತು ಇಂಗ್ಲೀಷ್ ಭಾಷೆಗಳಲ್ಲಿಯೂ ಲೇಖನ ಬರೆದು, ತಾನು ಯಾವ ವರ್ಷ ಏನನ್ನು ಕಂಡೆನೆಂಬುದನ್ನು ವಿವರವಾಗಿ ಲೋಕದ ಮುಂದಿಟ್ಟನು.

ಈ ಎರಡು ಲೇಖನಗಳ ನಡುವೆ, ಆ ಚಳಿಗಾಲದಲ್ಲಿ, ನಡೆದುದೊಂದು ಘಟನೆಯುಂಟು. ಅದನ್ನು ವಿವರವಾಗಿಯೇ ಹೇಳಬೇಕು.

ಕ್ರಿಮಿಯನ್ನು ಕಂಡರೆ ಸಾಲದು. ಆ ಕ್ರಿಮಿಯೇ ರೋಗವನ್ನು ತರುತ್ತದೆಂದು ತೋರಿಸಬೇಕು. ಅದಕ್ಕೆ ಅದನ್ನು ಹೊರಗೆ ಬೆಳೆಸಬೇಕು, ಪ್ರಾಣಿಗೆ ಚುಚ್ಚಿ ರೋಗ ಬರಿಸಬೇಕು. ಕುಷ್ಠದ ಕ್ರಿಮಿಯಾದರೋ ಎರಡಕ್ಕೂ ಒಲ್ಲೆನೆಂದಿತು. ಗಾಜಿನ ತಟ್ಟೆಯಲ್ಲಿ ಅದನ್ನು ಬೆಳೆಸುವುದು ಇಂದಿಗೂ ಯಾರಿಗೂ ಸಾಧ್ಯವಾಗಿಲ್ಲ. ಅದು ಒಂದರಿಂದ ಎರಡಾಗುವುದಕ್ಕೆ ಸುಮಾರು ಎರಡು ವಾರ ಹಿಡಿಯುತ್ತದೆ. ಮೈಹೊಕ್ಕ ಮೇಲೆ ಲಕ್ಷಣ ಕಾಣುವುದಕ್ಕೆ ಸಾಮಾನ್ಯವಾಗಿ ಐದು ವರ್ಷ, ಒಮ್ಮೊಮ್ಮೆ ಇಪ್ಪತ್ತು ವರ್ಷ. ಮೇಲಾಗಿ ಹೆಚ್ಚಿನ ಜನರ ಮೈಗೆ ಅದನ್ನು ತಾನಾಗಿ ಎದುರಿಸುವ ಶಕ್ತಿಯೂ ಉಂಟು. ಡಾನಿಯೆಲ್ಸೆನ್ನನಿಗೆ ಏನೂ ಆಗದಿದ್ದುದರ ಗುಟ್ಟು ಇದೇ. ಮೊಲಗಳಿಗೆ ಚುಚ್ಚಿ ನೋಡಿದ ಹ್ಯಾನ್ಸೆನ್ನನಿಗೂ ಏನೂ ದಕ್ಕಲಿಲ್ಲ. ಇಲಿಯ ಪಾದದಲ್ಲಿ ಈ ಕ್ರಿಮಿಯನ್ನು ಬೆಳೆಸಿ ತೋರಿಸಿದ್ದು ೧೯೬೦ರಲ್ಲಿ, ಅಮೆರಿಕದ ಶೆಪರ್ಡ್ ಎಂಬ ವಿಜ್ಞಾನಿ. ಹ್ಯಾನ್ಸೆನ್ನನಿಗೆ ಬೇಕಾಗಿದ್ದ ರುಜುವಾತು ಎಂಬತ್ತು ವರ್ಷಗಳಾಚೆ ಇತ್ತು.

ಈ ಕುಷ್ಠದಲ್ಲಿ ಎರಡು ರೂಪಗಳು: ಒಂದು ಗಂಟುಗಳೇಳುವ ರೂಪ, ಇನ್ನೊಂದು ಸ್ಪರ್ಶಜ್ಞಾನ ಹೋಗುವ ರೂಪ. ಎರಡನೆಯ ರೂಪದವರಿಗೆ ಮೊದಲನೆಯದರ ರಸವನ್ನು ಚುಚ್ಚಿ, ಗಂಟುಗಳು ಹುಟ್ಟಿದರೆ ರುಜುವಾತಾದಂತೆಯೇ ಎಂದು ಹ್ಯಾನ್ಸೆನ್ನನು ಯೋಚಿಸಿದನು. ೧೮೭೯ರ ನವೆಂಬರ್ ೩ರಂದು, ನೈಸರನು ಬಂದುಹೋದ ಬೇಸಗೆಯ ಮುಂದಿನ ಚಳಿಗಾಲದಲ್ಲಿ, ಬರ್ಗೆನ್ನಿನ ಆಸ್ಪತ್ರೆಯಲ್ಲಿದ್ದ ಕಾರಿ ನೀಲ್ಸ್‌ದಾತ್ತೆರ್ ಎಂಬ ಮೂವತ್ತಮೂರು ವಯಸ್ಸಿನ ರೋಗಿಯನ್ನು ತನ್ನ ಕೋಣೆಗೆ ಕರೆಯಿಸಿಕೊಂಡನು. ಕಣ್ಣಿನ ಪೊರೆ ತೆಗೆಯುವ ಸಣ್ಣ ಕತ್ತಿಯ ತುದಿಗೆ ಬೇರೊಬ್ಬ ರೋಗಿಯ ಗಂಟಿನ ರಸವನ್ನು ಹಚ್ಚಿ, ಆಕೆಯ ಕಣ್ಣಿಗೆ ಚುಚ್ಚಿದನು. ಏತಕ್ಕೆಂದು ಹೇಳಲಿಲ್ಲ. ಒಪ್ಪಿಗೆಯೆ ಎಂದು ಕೇಳಲಿಲ್ಲ.

ಕಾರಿ ಬಡವಳು, ಮನೆಮಠ ಬಿಟ್ಟು ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದವಳು. ಅಂಥವಳ ಮಾತು ಎಲ್ಲಿಯವರೆಗೆ ನಡೆದೀತು? ನಡೆಯಿತು. ನೋವನ್ನೂ ತನಗಾದ ಅನ್ಯಾಯವನ್ನೂ ಆಕೆ ಆಸ್ಪತ್ರೆಯ ಪಾದ್ರಿಗೆ ತಿಳಿಸಿದಳು. ಪಾದ್ರಿ ಸುಮ್ಮನಾಗಲಿಲ್ಲ. ವಿಷಯ ಮೇಲಧಿಕಾರಿಗಳಿಗೆ ಹೋಗಿ ಬರ್ಗೆನ್ನಿನ ನ್ಯಾಯಾಲಯವನ್ನು ಮುಟ್ಟಿತು. ದೇಶಕ್ಕೇ ಹೆಮ್ಮೆ ತಂದ ವಿಜ್ಞಾನಿ ಒಂದು ಕಡೆ, ಹೆಸರಿಲ್ಲದ ರೋಗಿ ಇನ್ನೊಂದು ಕಡೆ. ಹ್ಯಾನ್ಸೆನ್ನನು ನ್ಯಾಯಾಲಯದಲ್ಲಿ ಸುಳ್ಳಾಡಲಿಲ್ಲ. ಕೇಳಲಿಲ್ಲವೆಂಬುದನ್ನು ಒಪ್ಪಿಕೊಂಡನು, ಈ ಪ್ರಯೋಗವನ್ನು ತಾನು ನೋಡುವ ದೃಷ್ಟಿಯಿಂದ ಆಕೆಯೂ ನೋಡುವಳೆಂಬ ಭರವಸೆ ತನಗಿರಲಿಲ್ಲವೆಂದೂ ಹೇಳಿದನು. ಎಂದರೆ, ಕೇಳಿದರೆ ಒಲ್ಲೆನೆನ್ನುವಳೆಂದು ಆತನಿಗೆ ಗೊತ್ತಿತ್ತು. ಇಡೀ ಪ್ರಕರಣದಲ್ಲಿ ನನ್ನ ಮನಸ್ಸಿಗೆ ನಾಟಿದ ಮಾತು ಇದು. ಮೇ ೩೧, ೧೮೮೦ರಂದು ತೀರ್ಪಾಯಿತು: ಆ ಆಸ್ಪತ್ರೆಯ ವೈದ್ಯನ ಹುದ್ದೆಯಿಂದ ಹ್ಯಾನ್ಸೆನ್ನನನ್ನು ತೆಗೆಯಬೇಕು, ಖರ್ಚನ್ನು ಆತನೇ ಭರಿಸಬೇಕು. ಇಡೀ ದೇಶದ ಕುಷ್ಠರೋಗ ವಿಭಾಗದ ಮುಖ್ಯ ವೈದ್ಯಾಧಿಕಾರಿಯ ಪದವಿ ಮಾತ್ರ ಆತನಲ್ಲೇ ಉಳಿಯಿತು. ಕಾರಿಯ ಕಣ್ಣಿನಲ್ಲಿ ಗಂಟು ಏಳಲಿಲ್ಲ. ಪ್ರಯೋಗವೂ ವ್ಯರ್ಥವಾಯಿತು.

ಕೀರ್ತಿಗಾಗಿ ಆತುರಪಟ್ಟು ಹೀಗೆ ಮಾಡಿದನೆ? ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿದರೆ ನನಗೆ ಹಾಗೆನಿಸುತ್ತದೆ. ಅತಿಥಿಯು ಮಾದರಿ ತೆಗೆದುಕೊಂಡು ಹೋದ ಮೇಲೆ ಹಿಂದಿನ ನಿಧಾನವೆಲ್ಲ ಆತನನ್ನು ಚುಚ್ಚಿರಬೇಕು. ಇದು ನನ್ನ ಊಹೆ; ನೀವು ಬೇರೆಯಾಗಿ ತೂಗಬಹುದು.

ಆಮೇಲಿನ ಹ್ಯಾನ್ಸೆನ್ನನ ಕೆಲಸ ಬೇರೊಂದು ದಾರಿ ಹಿಡಿಯಿತು. ೧೮೭೭ ಮತ್ತು ೧೮೮೫ರ ಕಾನೂನುಗಳಿಂದ ರೋಗಿಗಳನ್ನು ಮನೆಯಲ್ಲಿ ಬೇರೆ ಕೋಣೆಯಲ್ಲೋ ಇಲ್ಲವೆ ಆಸ್ಪತ್ರೆಯಲ್ಲೋ ಇರಿಸುವ ಏರ್ಪಾಡು ನಾರ್ವೆಯಲ್ಲಿ ಆಯಿತು. ಆತ ಅಮೆರಿಕಕ್ಕೂ ಹೋಗಿ, ಅಲ್ಲಿ ನೆಲಸಿದ್ದ ನಾರ್ವೆಯ ವಲಸೆಗಾರರ ಮನೆಗಳನ್ನು ಸುತ್ತಿದನು. ರೋಗ ಹೊತ್ತುಕೊಂಡೇ ಕಡಲು ದಾಟಿದವರ ಮಕ್ಕಳು ಮೊಮ್ಮಕ್ಕಳಲ್ಲಿ ಒಬ್ಬರಿಗೂ ರೋಗವಿಲ್ಲದುದನ್ನು ಕಂಡನು. ವಂಶಪಾರಂಪರ್ಯದ ವಾದಕ್ಕೆ ಅದು ದೊಡ್ಡ ಪೆಟ್ಟು. ೧೯೦೦ರ ಹೊತ್ತಿಗೆ ನಾರ್ವೆಯ ಪಟ್ಟಿಯಲ್ಲಿ ಉಳಿದವರು ಆರುನೂರಕ್ಕೂ ಕಡಮೆ. ಅಷ್ಟರಲ್ಲಿ ಲೋಕವೂ ಕೀರ್ತಿಯ ವ್ಯಾಜ್ಯವನ್ನು ಬಹುಮಟ್ಟಿಗೆ ತೀರ್ಮಾನಿಸಿತ್ತು. ೧೯೦೧ರಲ್ಲಿ, ಆತನಿಗೆ ಅರುವತ್ತು ತುಂಬಿದಾಗ, ದೇಶದೇಶಗಳ ವೈದ್ಯರು ಚಂದಾ ಹಾಕಿ ಬರ್ಗೆನ್ ವಸ್ತುಸಂಗ್ರಹಾಲಯದ ತೋಟದಲ್ಲಿ ಆತನ ಪ್ರತಿಮೆಯನ್ನು ನಿಲ್ಲಿಸಿದರು. ಎರಡನೆಯ ಅಂತರರಾಷ್ಟ್ರೀಯ ಕುಷ್ಠರೋಗ ಸಮ್ಮೇಳನ ೧೯೦೯ರಲ್ಲಿ ಬರ್ಗೆನ್ನಿನಲ್ಲಿಯೇ ಕೂಡಿತು, ಅಧ್ಯಕ್ಷ ಹ್ಯಾನ್ಸೆನ್. ನೊಬೆಲ್ ಪಾರಿತೋಷಕ ಬರಲಿಲ್ಲ. ೧೯೧೨ರ ಫೆಬ್ರವರಿಯಲ್ಲಿ, ಪ್ರವಾಸದಲ್ಲಿದ್ದಾಗಲೇ, ತೀರಿಕೊಂಡನು.

ನೈಸರನ ಕಥೆಯಲ್ಲಿ ವಿಧಿಯ ಒಂದು ವಿಚಿತ್ರವುಂಟು. ಆತ ಬ್ರೆಸ್ಲಾವಿನ ಚರ್ಮರೋಗ ಪ್ರಾಧ್ಯಾಪಕನಾಗಿ, ಯೂರೋಪಿನ ಚರ್ಮವೈದ್ಯರಲ್ಲೆಲ್ಲ ಅಗ್ರಗಣ್ಯನೆನಿಸಿದನು. ಸಿಫಿಲಿಸ್ ರೋಗವನ್ನು ರಕ್ತಪರೀಕ್ಷೆಯಿಂದ ಗುರುತಿಸುವ ವಿಧಾನ ೧೯೦೬ರಲ್ಲಿ ಹುಟ್ಟಿದಾಗ ವಾಸರ್ಮನ್ನನ ಜೊತೆಗಿದ್ದವರಲ್ಲಿ ಆತನೂ ಒಬ್ಬ. ಆದರೆ ಅದಕ್ಕೆ ಮೊದಲು, ೧೮೯೨ರಲ್ಲಿ, ಸಿಫಿಲಿಸ್ ಬಾರದಂತೆ ತಡೆಯುವ ದಾರಿಯನ್ನು ಹುಡುಕುತ್ತ, ಆ ರೋಗಿಗಳ ರಕ್ತದಿಂದ ತೆಗೆದ ದ್ರವವನ್ನು ಬೇರೆ ಕಾಯಿಲೆಗಳಿಗಾಗಿ ಆಸ್ಪತ್ರೆ ಸೇರಿದ್ದ ಹುಡುಗಿಯರಿಗೂ ವೇಶ್ಯೆಯರಿಗೂ ಚುಚ್ಚಿದ್ದನು. ಅವರಿಗೂ ಏನೆಂದು ಹೇಳಿರಲಿಲ್ಲ, ಅವರನ್ನೂ ಕೇಳಿರಲಿಲ್ಲ. ಅವರಲ್ಲಿ ಕೆಲವರಿಗೆ ಸಿಫಿಲಿಸ್ ಬಂದಿತು. ಅದು ತನ್ನ ಚುಚ್ಚುಮದ್ದಿನಿಂದಲ್ಲ, ಅವರ ಕಸುಬಿನಿಂದ ಬಂದುದೆಂದು ನೈಸರನು ವಾದಿಸಿದನು. ೧೮೯೮ರಲ್ಲಿ ಆತನೇ ಈ ಪ್ರಯೋಗಗಳನ್ನು ಪ್ರಕಟಿಸಿದ ಮೇಲೆ ವರ್ತಮಾನಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ಪ್ರಾಧ್ಯಾಪಕರಲ್ಲಿ ಹೆಚ್ಚಿನವರು ತಮ್ಮವನ ಪಕ್ಷ ವಹಿಸಿದರು. ಆದರೂ ೧೯೦೦ರಲ್ಲಿ ಶಿಸ್ತಿನ ನ್ಯಾಯಮಂಡಲಿಯು ಆತನನ್ನು ತಪ್ಪಿತಸ್ಥನೆಂದು ಸಾರಿ ೩೦೦ ಮಾರ್ಕು ದಂಡ ಹಾಕಿತು. ಅದೇ ವರ್ಷದ ಡಿಸೆಂಬರ್ ೨೯ರಂದು ಪ್ರಷ್ಯದ ಮಂತ್ರಿಯ ಆಜ್ಞೆ ಹೊರಟಿತು: ಚಿಕಿತ್ಸೆಗಲ್ಲದೆ ಬೇರೆ ಉದ್ದೇಶಕ್ಕೆ ಮನುಷ್ಯರ ಮೇಲೆ ಏನು ಮಾಡುವುದಿದ್ದರೂ, ಅದರ ಕೆಡುಕನ್ನು ಮೊದಲು ತಿಳಿಯಹೇಳಿ, ಅವರ ಸ್ಪಷ್ಟವಾದ ಒಪ್ಪಿಗೆಯನ್ನು ಪಡೆಯಬೇಕು, ಚಿಕ್ಕ ವಯಸ್ಸಿನವರ ಮೇಲಂತೂ ಮಾಡಲೇಕೂಡದು.

ಒಂದೇ ಕ್ರಿಮಿಗಾಗಿ ಕಾದಾಡಿದ ಇಬ್ಬರೂ ಒಂದೇ ತಪ್ಪಿಗಾಗಿ ಕಟಕಟೆ ಹತ್ತಿದರು. ಇಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ನಿಮ್ಮ ಮುಂದೆ ಒಂದು ಕಾಗದವಿಟ್ಟು ರುಜು ಹಾಕಿಸಿಕೊಳ್ಳುತ್ತಾರಲ್ಲವೆ? ಓದದೆಯೇ ರುಜು ಹಾಕುವವರು ಬಹಳ. ಆ ಕಾಗದದ ಹಿಂದೆ ಬರ್ಗೆನ್ನಿನ ಒಬ್ಬ ಹೆಂಗಸೂ ಬ್ರೆಸ್ಲಾವಿನ ಕೆಲವರು ಹುಡುಗಿಯರೂ ನಿಂತಿದ್ದಾರೆ. ಕ್ರಿಮಿಯೊಂದಕ್ಕೆ ನೈಸರನ ಹೆಸರಿಟ್ಟರು. ಗೊನೋರಿಯಾದ ಕ್ರಿಮಿಯ ಕುಲಕ್ಕೆ ನೈಸೀರಿಯ ಎಂದೇ ಹೆಸರು. ಆದರೂ ಆ ಹೆಸರಿನ ಗೌರವ ಆತನ ಊರಿನಲ್ಲಿಯೇ ನಿಲ್ಲಲಿಲ್ಲ. ೧೯೧೬ರಲ್ಲಿ ತೀರಿಕೊಂಡ ಮೇಲೆ ಆತನ ಮನೆ ವಸ್ತುಸಂಗ್ರಹಾಲಯವಾಯಿತು. ಆತ ಯೆಹೂದಿ ಮನೆತನದವನು. ೧೯೩೩ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದು ಅದನ್ನು ವಶಪಡಿಸಿಕೊಂಡರು.

ಇನ್ನು ಹ್ಯಾನ್ಸೆನ್ನನ ಹೆಸರು ರೋಗಕ್ಕೇ ಅಂಟಿಕೊಂಡ ಬಗೆ. ಅದರಲ್ಲಿ ಪ್ರಾಧ್ಯಾಪಕರಿಗಿಂತ ರೋಗಿಗಳ ಪಾತ್ರವೇ ಹಿರಿದೆಂದರೆ ಆಶ್ಚರ್ಯಪಡುವಿರಿ. ಅಮೆರಿಕದ ಲೂಯಿಸಿಯಾನ ಸಂಸ್ಥಾನದಲ್ಲಿ ಕಾರ್ವಿಲ್ ಎಂಬ ಕಡೆ ಈ ರೋಗಿಗಳ ಆಸ್ಪತ್ರೆಯೊಂದಿತ್ತು. ಅಲ್ಲಿಗೆ ಬಂದವರು ಮನೆಯವರಿಗೆ ಕಳಂಕ ತಟ್ಟಬಾರದೆಂದು ತಮ್ಮ ಹೆಸರನ್ನೇ ಬಿಟ್ಟು ಬೇರೆ ಹೆಸರಿಟ್ಟುಕೊಳ್ಳುತ್ತಿದ್ದರು. ೧೯೩೧ರಲ್ಲಿ ಸೇರಿದ ಒಬ್ಬ ಔಷಧವ್ಯಾಪಾರಿ ಸ್ಟ್ಯಾನ್ಲಿ ಸ್ಟೈನ್ ಎಂಬ ಹೆಸರನ್ನು ತಾಳಿ, ಆಸ್ಪತ್ರೆಯೊಳಗಿಂದಲೇ ಒಂದು ಪತ್ರಿಕೆ ಹೊರಡಿಸಿದನು. ಮುಂದೆ ಆತನ ಕಣ್ಣುಗಳೂ ಹೋದುವು, ಪತ್ರಿಕೆ ನಿಲ್ಲಲಿಲ್ಲ. ಬೈಬಲಿನ ಕಾಲದಿಂದ ಮೈಲಿಗೆ ಹೊತ್ತು ಬಂದ ‘ಲೆಪರ್’ ಎಂಬ ಮಾತನ್ನು ಬಿಡಿರಿ, ಇದನ್ನು ಹ್ಯಾನ್ಸೆನ್ ರೋಗವೆಂದು ಕರೆಯಿರಿ ಎಂಬುದು ಆತನ ಜೀವಮಾನದ ಬೇಡಿಕೆ. ತಮ್ಮ ಹೆಸರನ್ನು ಕಳೆದುಕೊಂಡವರು ರೋಗಕ್ಕೊಬ್ಬ ವೈದ್ಯನ ಹೆಸರನ್ನು ಬೇಡಿದರು. ೧೯೪೮ರಲ್ಲಿ ಹವಾನಾ ನಗರದ ಅಂತರರಾಷ್ಟ್ರೀಯ ಸಮ್ಮೇಳನವು ‘ಲೆಪರ್’ ಎಂಬ ಮಾತನ್ನು ಬಿಡಬೇಕೆಂದು ಸೂಚಿಸಿತು. ಬ್ರೆಜಿಲ್ ದೇಶವು ೧೯೯೫ರಲ್ಲಿ ಕಾನೂನನ್ನೇ ಮಾಡಿ, ಸರ್ಕಾರದ ಕಾಗದಪತ್ರಗಳಲ್ಲಿ ಹಳೆಯ ಹೆಸರಿಗೆ ಬದಲು ಹ್ಯಾನ್ಸೆನ್ನನ ಹೆಸರಿನಿಂದ ಹುಟ್ಟಿದ ಪದವನ್ನು ನಿಲ್ಲಿಸಿತು.

ಅಷ್ಟರಲ್ಲಿ ರೋಗವೂ ಮಣಿಯಲಾರಂಭಿಸಿತ್ತು. ೧೯೪೦ರ ದಶಕದಲ್ಲಿ ಸಲ್ಫೋನ್ ಔಷಧಗಳು ಬಂದುವು. ಅದರ ಮೊದಲ ಪ್ರಯೋಗಗಳು ನಡೆದದ್ದೂ ಕಾರ್ವಿಲ್ಲಿನಲ್ಲಿಯೇ. ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ಸೂಚಿಸಿತು. ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷದಲ್ಲಿ ರೋಗ ವಾಸಿಯಾಗುತ್ತದೆ. ಔಷಧ ಆರಂಭಿಸಿದ ಸ್ವಲ್ಪ ಕಾಲದಲ್ಲಿಯೇ ಇನ್ನೊಬ್ಬರಿಗೆ ಅಂಟುವುದು ನಿಂತುಹೋಗುತ್ತದೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಕೊಡುತ್ತಾರೆ. ಆದರೆ ಕಾನೂನಿನ ಪುಸ್ತಕ ಔಷಧಕ್ಕಿಂತ ನಿಧಾನವಾಗಿ ನಡೆಯಿತು. ರೋಗಿಗಳನ್ನು ಹಿಡಿದು ಪ್ರತ್ಯೇಕವಿಡಲು ಬ್ರಿಟಿಷರು ೧೮೯೮ರಲ್ಲಿ ಮಾಡಿದ್ದ ಕಾಯಿದೆ ಇಂಡಿಯಾದಲ್ಲಿ ರದ್ದಾದುದು ೨೦೧೬ರಲ್ಲಿ. ಗಂಡನಿಗೋ ಹೆಂಡತಿಗೋ ಈ ರೋಗವಿದ್ದರೆ ಅದನ್ನೇ ಕಾರಣವಾಗಿ ಮಾಡಿ ವಿವಾಹವಿಚ್ಛೇದ ಪಡೆಯಬಹುದೆಂಬ ವಿಧಿಯನ್ನು ತೆಗೆದುಹಾಕಿದುದು ೨೦೧೯ರಲ್ಲಿ. ೨೦೨೨-೨೩ರಲ್ಲಿಯೂ ನಮ್ಮ ದೇಶದಲ್ಲಿ ಒಂದು ಲಕ್ಷಕ್ಕೂ ಮೀರಿ ಹೊಸ ರೋಗಿಗಳನ್ನು ಗುರುತಿಸಲಾಯಿತು. ನನ್ನ ಅಜ್ಜಿಯಂತೆ ದನಿ ತಗ್ಗಿಸಿ ಬಾಗಿಲ ಕಡೆ ನೋಡುವ ಮನೆಗಳು ಇನ್ನೂ ಇರುವುದರಿಂದ, ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡವರು ಮೊದಲು ಅದನ್ನು ಬಚ್ಚಿಡುತ್ತಾರೆ. ಬಚ್ಚಿಟ್ಟ ಕಾಲದಲ್ಲಿ ಕೈಬೆರಳುಗಳ ನರ ಸಾಯುತ್ತದೆ.

ಬರ್ಗೆನ್ನಿನ ಸೇಂಟ್ ಯೋರ್ಗೆನ್ ಆಸ್ಪತ್ರೆಯ ಕೊನೆಯ ಇಬ್ಬರು ರೋಗಿಗಳು ತೀರಿಕೊಂಡದ್ದು ೧೯೪೬ರಲ್ಲಿ. ಆ ಮರದ ಕಟ್ಟಡ ಈಗ ವಸ್ತುಸಂಗ್ರಹಾಲಯ. ಸಾಲುಸಾಲಾದ ಸಣ್ಣ ಕೋಣೆಗಳು ಹಾಗೆಯೇ ಇವೆ. ಬರ್ಗೆನ್ನಿನ ಕುಷ್ಠರೋಗದ ದಾಖಲೆಗಳನ್ನು ಯುನೆಸ್ಕೋ ಸಂಸ್ಥೆಯು ೨೦೦೧ರಲ್ಲಿ ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿತು. ೧೮೫೬ರಲ್ಲಿ ಆರಂಭವಾದ ಆ ನೋಂದಣಿಯಲ್ಲಿ ಕಾಲಕ್ರಮದಲ್ಲಿ ಸೇರಿದ ಹೆಸರುಗಳು ಎಂಟು ಸಾವಿರಕ್ಕೂ ಹೆಚ್ಚು: ಹುಟ್ಟಿದ ಊರು, ಕಸುಬು, ರೋಗ ಕಂಡ ವರ್ಷ, ಸತ್ತ ವರ್ಷ. ಹ್ಯಾನ್ಸೆನ್ನನು ಹಗಲಿರುಳು ತಿರುವಿಹಾಕಿದ ಪುಸ್ತಕಗಳು ಇವೇ.